ಗುಡ್ಡವ್ವನ ಬಾವಿಗೆ ಬಂದ ಸನ್ಮಾನ

ರಾಣೆಬೆನ್ನೂರಿನ ತರುಣ ಸೇವಾ ಮಂಡಳದಲ್ಲಿ ತರುಣರು ಯಾರೂ ಇರಲಿಲ್ಲ. ಅಧ್ಯಕ್ಷರಾದ ರಾಘಣ್ಣ ವಕೀಲರಿಗೆ ಐವತ್ತೆರಡು ವಯಸ್ಸು. ಉಳಿದವರು ಅವರಿಗಿಂತ ಒಂದೆರಡು ವರ್ಷ ಹಿಂದೆ ಮುಂದೆ. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ಕೋರ್ಟಿಗೆ ರಜೆ ಬಿದ್ದಾಗ, ಇವರೆಲ್ಲರಿಗೂ ಸುತ್ತಲಿನ ಹಳ್ಳಿಗಳ ತರುಣರ ಮೇಲೆ ಪ್ರೀತಿ ಉಕ್ಕಿ ಬರುತ್ತಿತ್ತು. ಎಲ್ಲಿಂದಲಾದರೂ ಒಬ್ಬನನ್ನು ಹುಡುಕಿ ತೆಗೆದು, ಅವನಿಗೆ ಬೆಳ್ಳಿ ಪದಕ, ಹಾವೇರಿಯ ಏಲಕ್ಕಿ ಹಾರ, ಕಟ್ಟು ಹಾಕಿಸಿದ ಮಾನಪತ್ರ ಕೊಟ್ಟು, ತಾವು ಹೋಳಿಗೆ ಊಟ ಮಾಡಿ ತಿರುಗಿ ಬರುತ್ತಿದ್ದರು.

ಮಾನಪತ್ರ ಬರೆಯುತ್ತಿದ್ದವನು ನಾನು. ಹಲಗೇರಿಯ ಆಚೆ ಒಂದು ಹರದಾರಿ ದೂರದ ಹಳ್ಳಿಯಲ್ಲಿ ಸಾಲಿ ಮಾಸ್ತರ. ನನ್ನ ಅಕ್ಷರಗಳು ದುಂಡಗಿದ್ದವು. ದೊಡ್ಡವರ ಮುಂದೆ ನನ್ನ ಬೆನ್ನು ಅವುಗಳಿಗಿಂತ ದುಂಡಗಾಗುತ್ತಿತ್ತು. 'ಆಬಾಲವೃದ್ಧರ ಆದರಕ್ಕೆ ಪಾತ್ರರಾದ', 'ನಿಸ್ಪೃಹ ಸೇವೆಯಿಂದ ಕಂಗೊಳಿಸುವ' ಎಂಬಂಥ ಮಾತುಗಳು ನನ್ನ ಹತ್ತಿರ ಯಾವಾಗಲೂ ತಯಾರಿರುತ್ತಿದ್ದವು. ಹೆಸರು ಗೊತ್ತಾಗುವ ಮೊದಲೇ ಅರ್ಧ ಮಾನಪತ್ರ ಬರೆದಿಡುತ್ತಿದ್ದೆ. ಒಂದು ವರ್ಷವೂ ಹೆಸರಿಗಾಗಿ ಒಂದು ಸಾಲನ್ನು ಬದಲಿಸುವ ಪ್ರಸಂಗ ಬಂದಿರಲಿಲ್ಲ.

ಗುಡ್ಡವ್ವನ ವಿಷಯದಲ್ಲಿ ಬಂತು. ಮಾನಪತ್ರಕ್ಕೆ ಬೇಕಾದ ಗುಣ ಅವಳಲ್ಲಿ ಒಂದೂ ಇರಲಿಲ್ಲ. ಇಪ್ಪತ್ತೆರಡು ವರ್ಷದ ಹೆಣ್ಣುಮಗಳು. ಓದು ಬರಹ ಇಲ್ಲ. ವಿನಯ ಎಂಬುದು ಅವಳ ಓಣಿಗೇ ಹಾದು ಹೋಗಿರಲಿಲ್ಲ. ಬಾಯಿ ತೆರೆದರೆ ಎದುರಿಗಿದ್ದವರು ತಲೆಯ ಮೇಲಿನ ರುಮಾಲು ಸರಿಮಾಡಿಕೊಳ್ಳಬೇಕು, ಅಂಥ ಮಾತು. ಅವಳ ಗಂಡ ಮೈಲಪ್ಪ ಪಾಪದ ಮನುಷ್ಯ. ಎರಡು ಎತ್ತು, ನಾಲ್ಕು ಎಕರೆ ಎರೆ ಹೊಲ ಇಟ್ಟುಕೊಂಡು ದುಡಿಯುತ್ತಿದ್ದ. ಆದರೆ ಮೂರು ವರ್ಷ ಸಾಲಾಗಿ, ಸರಿಯಾಗಿ ಬಿತ್ತುವ ಹೊತ್ತಿಗೆ, ಅವನ ಕಾಲಲ್ಲಿ ನಾರು ಎದ್ದಿತ್ತು.

ನಾರು ಅಂದರೆ ನಾರುಹುಣ್ಣು. ಪಾದದ ಹತ್ತಿರ ಒಂದು ಬೊಬ್ಬೆ ಏಳುತ್ತದೆ, ಕೆಂಡ ಇಟ್ಟ ಹಾಗೆ ಉರಿಯುತ್ತದೆ, ಒಡೆಯುತ್ತದೆ. ಒಳಗಿನಿಂದ ಬಿಳಿಯ ದಾರದಂಥ ಹುಳದ ತುದಿ ಹೊರಗೆ ಬರುತ್ತದೆ. ಅದನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಎರಡು ಬೆರಳಿನಷ್ಟು ಎಳೆಯುತ್ತ, ತಿಂಗಳುಗಟ್ಟಲೆ ಮಲಗಬೇಕು. ನಮ್ಮ ಊರಲ್ಲಿ ಇದನ್ನು ಯಾರೂ ರೋಗ ಅಂತ ತಿಳಿದಿರಲಿಲ್ಲ. ಬೇಸಿಗೆ ಬಂದರೆ ಮಾವು ಬಂದ ಹಾಗೆ ನಾರೂ ಬರುತ್ತದೆ ಎಂದು ತಿಳಿದಿದ್ದರು.

ಮೂವತ್ತಾರನೆಯ ಇಸವಿಯ ಕೊನೆಗೆ ಸಿಡುಬಿಗೆ ದೇವಿ ಹಾಕುವ ಡಾಕ್ಟರು ಸಾಲಿಗೆ ಬಂದರು. ಮಕ್ಕಳಿಗೆ ಚುಚ್ಚಿ ಮುಗಿದ ಮೇಲೆ, ಊರ ಬಾವಿಯ ನೀರನ್ನು ಗಾಜಿನ ಲೋಟದಲ್ಲಿ ತರಿಸಿ, ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ತೋರಿಸಿದರು. ಚುಕ್ಕಿಯಷ್ಟು ಜೀವಗಳು ಪುಟಪುಟ ನೆಗೆಯುತ್ತಿದ್ದವು. ಅವರು ಹೇಳಿದ್ದು ಇಷ್ಟು: ನಮ್ಮದು ಪಾವಟಿಗೆಯ ಬಾವಿ, ಎಲ್ಲರೂ ಮೆಟ್ಟಿಲು ಇಳಿದು, ನೀರಲ್ಲಿ ನಿಂತು, ಕಾಲು ತೊಳೆದು, ಕೊಡ ಅದ್ದುತ್ತಾರೆ. ನಾರು ಎದ್ದ ಕಾಲು ತಂಪಿಗೆ ನೀರಲ್ಲಿ ಇಟ್ಟರೆ ಹುಳ ಮರಿ ಬಿಡುತ್ತದೆ. ಮರಿಯನ್ನು ಈ ಚುಕ್ಕಿಗಳು ತಿನ್ನುತ್ತವೆ. ಹದಿನೈದು ದಿನ ದಾಟಿದ ಮೇಲೆ ಆ ನೀರು ಕುಡಿದವನಿಗೆ ವರುಷದ ಆಚೆ ನಾರು. ಬಾವಿಗೆ ಕಾಲು ಇಡುವುದನ್ನು ನಿಲ್ಲಿಸಿ, ನೀರು ಸೋಸಿ ಕುಡಿಯಿರಿ, ಮುಗಿಯಿತು.

ಊರ ಗಂಡಸರು ಭೂತಗನ್ನಡಿಯನ್ನು ನೋಡಿ ಸಂತೋಷಪಟ್ಟು ಮನೆಗೆ ಹೋದರು. ಗುಡ್ಡವ್ವ ಹೋಗಲಿಲ್ಲ. ಡಾಕ್ಟರನ್ನು ಹಿಡಿದು ನಿಲ್ಲಿಸಿ, ಮೂರು ಸಲ ಅದನ್ನೇ ಹೇಳಿಸಿದಳು. ಸಂಕ್ರಮಣ ಆದ ಎಂಟು ದಿನಕ್ಕೆ ತನ್ನ ಓಣಿಯ ಏಳು ಹೆಂಗಸರನ್ನು ಕಟ್ಟಿಕೊಂಡು ಹಳ್ಳದಿಂದ ಕಲ್ಲು ಹೊತ್ತು ತಂದು, ಬಾವಿಯ ಪಾವಟಿಗೆಗಳಿಗೆ ಅಡ್ಡಲಾಗಿ ಎದೆಯೆತ್ತರದ ಗೋಡೆ ಹಾಕಿದಳು. ಬಾವಿಯ ಬಾಯಿಗೆ ಎರಡು ತೊಲೆ, ಒಂದು ಗಡಗಡಿ, ಓಣಿಗೊಂದು ಹಗ್ಗ.

ಗೌಡ ಡಾಕಪ್ಪನವರು ಕಣ್ಣು ಕೆಂಪಗೆ ಮಾಡಿಕೊಂಡು ಬಂದರು.

"ಏನ ಗುಡ್ಡವ್ವ, ನಮ್ಮ ಮುತ್ಯಾ ಕಟ್ಟಿಸಿದ ಪಾವಟಿಗಿ ಇವು. ಮುಚ್ಚಾಕ ನೀ ಯಾರು?"

"ನಿಮ್ಮ ಮುತ್ಯಾ ಪಾವಟಿಗಿ ಕಟ್ಟಿಸ್ಯಾರ್ರಿ ಗೌಡ್ರ, ಹುಳಾ ಕಟ್ಟಿಸಿಲ್ಲಲ್ಲ. ಹಗ್ಗ ಐತಿ, ಗಡಗಡಿ ಐತಿ. ಜಗ್ಗಾಕ ನಿಮ್ಮ ಮನ್ಯಾಗ ಯಾರಿಗೂ ರಟ್ಟಿ ಇಲ್ಲೇನು?"

ಗೌಡರ ಮನೆಯಲ್ಲಿ ಹಿಂದಿನ ಬೇಸಿಗೆ ನಾಲ್ಕು ಜನ ಕಾಲು ಚಾಚಿ ಮಲಗಿದ್ದರು. ಅವರು ಮೀಸೆ ಉಜ್ಜಿಕೊಂಡು ಹೋದರು. ಆದರೆ ಮುಂದೆ ಬಂದ ಬೇಸಿಗೆಯಲ್ಲೂ ನಾರು ಎದ್ದಿತು. ಅದು ಹಿಂದಿನ ವರ್ಷ ಕುಡಿದ ನೀರಿನ ಫಲ, ಡಾಕ್ಟರು ಮೊದಲೇ ಹೇಳಿದ್ದರು. ಊರಿಗೆ ಅದನ್ನು ಕೇಳುವ ತಾಳ್ಮೆ ಎಲ್ಲಿತ್ತು? ಕೈ ಗುಳ್ಳೆ ಎದ್ದ ಹೆಂಗಸರು ಹಗ್ಗ ಬಿಸಾಕಿ ಜಗಳಕ್ಕೆ ನಿಂತರು. ಗುಡ್ಡವ್ವ ಗೋಡೆಯ ಮೇಲೆ ಕೂತು ಎಲ್ಲರ ಕಾಲು ನೋಡುತ್ತಿದ್ದಳು. ಹುಣ್ಣಿನ ಕಾಲಿನವರು ಹತ್ತಿರ ಬಂದರೆ, "ನಿನ್ನ ಕಾಲಾನ ಹುಳಾ ತೊಳದ ನೀರು ನನ್ನ ಗಂಡಗ ಯಾಕ ಕುಡಸ್ತಿ? ಅಲ್ಲೇ ನಿಂದ್ರು, ನಾ ಸೇದಿ ಕೊಡ್ತೇನಿ" ಎಂದು ಅವರ ಕೊಡವನ್ನೂ ತಾನೇ ತುಂಬಿ ಕೊಡುತ್ತಿದ್ದಳು. ಬಯ್ಯುತ್ತ ಬಯ್ಯುತ್ತ ಒಂದು ವರ್ಷ ಇಡೀ ಊರಿಗೆ ನೀರು ಸೇದಿದಳು ಅಂದರೂ ತಪ್ಪಿಲ್ಲ.

ಮೂವತ್ತೆಂಟರ ಬೇಸಿಗೆಗೆ ಊರಲ್ಲಿ ಒಂದು ನಾರೂ ಏಳಲಿಲ್ಲ. ಒಂದು ಕೂಡ. ಮೈಲಪ್ಪ ಮಳೆಗೆ ಮೊದಲೇ ಹೊಲ ಹರಗಿ ತಯಾರಾಗಿ ಕೂತಿದ್ದ. ಆಗ ನನಗೆ ಈ ಸುದ್ದಿಯನ್ನು ರಾಣೆಬೆನ್ನೂರಿಗೆ ಮುಟ್ಟಿಸುವ ಹುಕಿ ಬಂತು. ಆ ವರ್ಷ ಮಂಡಳಕ್ಕೆ ಯಾವ ತರುಣನೂ ಸಿಕ್ಕಿರಲಿಲ್ಲ. ನಾನು ಹೆಸರು ಕೊಟ್ಟರೆ ವಕೀಲರಿಗೆ ಖುಷಿಯಾದೀತು ಎಂಬುದು ನನ್ನ ಲೆಕ್ಕ. ಗುಡ್ಡವ್ವನ ಮೇಲಿನ ಅಭಿಮಾನದಿಂದ ಬರೆದೆ ಎಂದು ಹೇಳಿಕೊಂಡರೆ ನನ್ನ ಬಾಯಲ್ಲಿ ಹುಳ ಬಿದ್ದಾವು.

ವಕೀಲರಿಗೆ ಖುಷಿಯೇ ಆಯಿತು. 'ಗ್ರಾಮೀಣ ತರುಣಿಯ ಅಪೂರ್ವ ನೇತೃತ್ವ' ಎಂಬ ಮಾತನ್ನು ಅವರೇ ಬರೆದು ಕಳಿಸಿದರು. ಬ್ಯಾಡಗಿಯ ಮೆಣಸಿನಕಾಯಿ ಸಾವುಕಾರ ಪರಮೇಶಪ್ಪನವರು ಮುಖ್ಯ ಅತಿಥಿ. ವಕೀಲರ ಹೆಂಡತಿ ಇಂದಿರಾಬಾಯಿಯವರು ಗಂಗಾಪೂಜೆ ಮಾಡುವವರು. ಬಾವಿಗಾಗಿ ಸನ್ಮಾನ ಅಂದ ಮೇಲೆ ಗಂಗಾಪೂಜೆ ಇಲ್ಲದೆ ಹೇಗೆ? ನೀರಿಗೆ ಇಳಿದು, ಅರಿಷಿಣ ಕುಂಕುಮ ಬಿಟ್ಟು, ಬಾಗಿನ ಕೊಡಬೇಕು. ಮೇಲಿಂದ ಕೊಟ್ಟರೆ ಶಾಸ್ತ್ರಕ್ಕೆ ಬರುವುದಿಲ್ಲ. ಮೇಲಾಗಿ ಹಾವೇರಿಯಿಂದ ಫೋಟೋ ತೆಗೆಯುವವನು ಬರುವವನಿದ್ದ. ಅವನಿಗೆ ನೀರಿನ ಅಂಚಿನಲ್ಲಿ ಸಾಲಾಗಿ ನಿಂತ ಗಣ್ಯರು ಬೇಕಾಗಿದ್ದರು.

ಆದ್ದರಿಂದ ಪಾವಟಿಗೆ ಮುಚ್ಚಿದ್ದಕ್ಕೆ ಸನ್ಮಾನ ಮಾಡುವ ಸಲುವಾಗಿ ಪಾವಟಿಗೆ ತೆರೆಯಬೇಕೆಂದು ತೀರ್ಮಾನವಾಯಿತು. ಈ ಮಾತಿನಲ್ಲಿ ಏನೋ ಹೆಚ್ಚುಕಡಿಮೆ ಇದೆ ಎಂದು ಮಂಡಳದ ಓದಿದ ಇಪ್ಪತ್ತು ಜನರಲ್ಲಿ ಒಬ್ಬನಿಗೂ ಅನಿಸಲಿಲ್ಲ. ನನಗೆ ಅನಿಸಿತು. ಅನಿಸಿದ್ದನ್ನು ನುಂಗಿಕೊಂಡು ಗುಡ್ಡವ್ವನ ಮನೆಗೆ ಹೋಗಿ, "ಒಂದು ತಾಸಿನ ಮಾತು, ಗುಡ್ಡವ್ವ. ಮತ್ತ ಕಟ್ಟಿಕೊಡ್ತಾರ. ದೊಡ್ಡವರು ಬರಾಕತ್ತಾರ" ಎಂದೆ. ಅವಳು, "ಎಲ್ಲಾರ ಕಾಲೂ ನೀವು ನೋಡಿ ನೀರಿಗೆ ಬಿಡ್ರಿ ಹಂಗಾರ" ಎಂದಳು. ನಾನು ಹೂಂ ಎಂದೆ. ಬಿಳಿ ಟೋಪಿಯ ಸ್ವಯಂಸೇವಕರು ಬಂದು ಒಂದು ಮಧ್ಯಾಹ್ನದಲ್ಲಿ ಗೋಡೆ ಬಿಚ್ಚಿ ಹಾಕಿದರು.

ಸಾವುಕಾರರು ಕಮಾನು ಗಾಡಿಯಿಂದ ಇಳಿಯುವಾಗಲೇ ಕುಂಟುತ್ತಿದ್ದರು. ಬಲಗಾಲಿಗೆ ಮಲಮಲ್ ಬಟ್ಟೆ ಸುತ್ತಿತ್ತು. ಅದನ್ನು ನಾನು ನೋಡಿದೆ. ಬೂಟು ಕಚ್ಚಿರಬೇಕು ಎಂದುಕೊಂಡೆ. ಅಷ್ಟು ದೊಡ್ಡ ಮನುಷ್ಯನ ಕಾಲಿಗೆ ನಮ್ಮಂಥವರ ಹುಳ ಬಂದೀತೆ?

ಪೂಜೆಗೆ ಎಲ್ಲರೂ ಇಳಿದರು. ಇಂದಿರಾಬಾಯಿ ಜರಿ ಸೀರೆಯ ಅಂಚು ಎತ್ತಿಕೊಂಡು ಮೊಣಕಾಲಷ್ಟು ನೀರಲ್ಲಿ ನಿಂತು ಅರಿಷಿಣ ಬಿಟ್ಟರು. ಸಾವುಕಾರರು ಕಾಲಿನ ಬಟ್ಟೆ ಬಿಚ್ಚಿ ಬಲಗಾಲನ್ನು ನೀರಿಗಿಟ್ಟರು. ಇಟ್ಟವರು ತೆಗೆಯಲಿಲ್ಲ. ಕಣ್ಣು ಮುಚ್ಚಿ, "ಆಹಾ, ಏನ ತಂಪ, ಏನ ತಂಪ! ಗಂಗಾಮಾತೆ!" ಎಂದರು. ಪೂಜೆ ಮುಗಿದರೂ ನಿಂತೇ ಇದ್ದರು. ಅವರ ಭಕ್ತಿ ನೋಡಿ ರಾಘಣ್ಣ ವಕೀಲರು ಕೈ ಮುಗಿದರು. ಫೋಟೋದವನು ಕರಿ ಬಟ್ಟೆಯೊಳಗೆ ತಲೆ ಹಾಕಿ, ಯಾರೂ ಅಲ್ಲಾಡಬ್ಯಾಡ್ರಿ ಎಂದು ಕೂಗಿದ.

ಮೇಲಿನ ಪಾವಟಿಗೆಯಲ್ಲಿ ಏಲಕ್ಕಿ ಹಾರ ಹಾಕಿಕೊಂಡು ನಿಂತ ಗುಡ್ಡವ್ವ ಆ ಕಾಲನ್ನು ನೋಡಿದಳು.

"ಸಾವುಕಾರ್ರ, ಕಾಲು ತಗೀರಿ! ನಾರಿನ ಕಾಲು ಅದು, ಬಾವ್ಯಾಗ ಇಡಬ್ಯಾಡ್ರಿ! ತಗೀರಿ ಅಂದ್ರ!"

ಅಲ್ಲಾಡಬಾರದ ಹೊತ್ತಿನಲ್ಲಿ ಅವಳು ಅಲ್ಲಾಡಿದ್ದರಿಂದ ಫೋಟೋ ಕೆಟ್ಟಿತು. ವಕೀಲರು ನಕ್ಕು, "ಹಳ್ಳೀ ಹುಡುಗಿ, ಸಂಭ್ರಮಕ್ಕ ಗಾಬರಿ ಆಗ್ಯಾಳ" ಎಂದರು. ಗೌಡರು ಹಲ್ಲು ಕಚ್ಚಿದರು. ನಾನು ಅವಳ ತೋಳು ಹಿಡಿದು ಕಿವಿಯಲ್ಲಿ ಹೇಳಿದೆ, "ಸುಮ್ಮನಿರ ಗುಡ್ಡವ್ವ, ಮಾನಪತ್ರ ಓದೋದು ಇನ್ನೂ ಆಗಿಲ್ಲ." ಇಂಥ ಮಾತು ಆಡಿದ ನಾಲಿಗೆಯನ್ನು ಇಟ್ಟುಕೊಂಡು ನಾನು ಮುಂದೆ ಎಷ್ಟೋ ವರ್ಷ ಮಕ್ಕಳಿಗೆ ನೀತಿಪಾಠ ಹೇಳಿದೆ.

ಮರುದಿನ ಬೆಳಿಗ್ಗೆ ಅವಳು ಸಾಲಿಯ ಬಾಗಿಲಿಗೆ ಬಂದಳು. ಸ್ವಯಂಸೇವಕರು ಗೋಡೆ ಕಟ್ಟದೆಯೇ ಹೋಗಿದ್ದರು. ಅದನ್ನು ಅವಳು ಆಗಲೇ ಅರ್ಧ ಎಬ್ಬಿಸಿ ಬಂದಿದ್ದಳು. ಕೈತುಂಬ ಮಣ್ಣು.

"ಮಾಸ್ತರ, ಆತನ ಕಾಲಿಂದ ನೀರಾಗ ಬೆಳ್ಳಗ ಹಾಲಿನಂಗ ಬಿಟ್ಟಿದ್ದು ನಾ ಕಣ್ಣಾರೆ ನೋಡೇನಿ. ಹದಿನೈದ ದಿನ ಐತಿ ನಮ್ಮ ಕೈಯಾಗ. ಅಷ್ಟರಾಗ ಬಾವೀ ನೀರು ತಳಾ ಕಾಣೂ ಮಟಾ ಎತ್ತಿ ಹಾಕಬೇಕು. ಇಲ್ಲಾಂದ್ರ ಬರೂ ವರ್ಷ ಮತ್ತ ಎಲ್ಲಾರೂ ಮಲಗತಾರ. ಗೌಡ್ರು ನನ್ನ ಮಾತು ಕೇಳೂದಿಲ್ಲ. ವಕೀಲ್ರು ಹೇಳಿದ್ರ ಕೇಳತಾರ. ನಡೀರಿ."

ಪದಕ ಹಾಕಿಕೊಂಡೇ ಹೊರಟಳು. ಪದಕ ಕೊಟ್ಟವರು ಪದಕ ಇದ್ದವರ ಮಾತು ಕೇಳಲೇಬೇಕು ಎಂದು ಆ ಹುಡುಗಿ ನಂಬಿದ್ದಳು. ಅವಳ ಇಡೀ ಜೀವನದಲ್ಲಿ ಅವಳು ನಂಬಿದ ಮೂರ್ಖ ಮಾತು ಅದೊಂದೇ. ಬಿಸಿಲಲ್ಲಿ ರಾಣೆಬೆನ್ನೂರಿನ ತನಕ ನಡೆದೆವು.

ವಕೀಲರು ಜೋಕಾಲಿಯ ಮೇಲೆ ಕೂತಿದ್ದರು. "ಬಾರವಾ, ಬಾ. ಪದಕಾ ಹಾಕ್ಕೊಂಡ ಬಂದೀಯಲ್ಲ, ಛಲೋ ಆತು. ಮಾಸ್ತರ, ಕೂಡ್ರಿ" ಎಂದು ಚಹಾ ತರಿಸಿದರು. ಅವಳು ನೆಲದ ಮೇಲೆ ಕೂತು ಎಲ್ಲ ಹೇಳಿದಳು. ವಕೀಲರ ಮುಖದ ನಗು ಮೆಲ್ಲಗೆ ಇಳಿಯಿತು.

"ನೋಡವಾ, ಪರಮೇಶಪ್ಪನವರ ಕಾಲಿನ ವಿಷಯ ಎಲ್ಲೂ ಬಾಯಿ ಬಿಡಬ್ಯಾಡ. ಭಾಳ ದೊಡ್ಡ ಮನುಷ್ಯಾರು. ನೀರಿಂದು ಏನದ, ಅದನ್ನ ಮುಂದಿನ ಸಭಾದೊಳಗ ಠರಾವು ಮಂಡಿಸೋಣಂತ."

"ಮುಂದಿನ ಸಭಾ ಯಾವಾಗ ಐತ್ರಿ?"

"ಬರೂ ತಿಂಗಳು, ಹುಣ್ಣಿವಿ ಆದಮ್ಯಾಲೆ."

"ಅಷ್ಟರಾಗ ಊರ ಮಂದಿ ಕುಡದಿರ್ತಾರ್ರಿ."

"ಇಷ್ಟು ಅವಸರ ಮಾಡಬಾರದವಾ. ಸಾರ್ವಜನಿಕ ಕೆಲಸ ಅಂದ್ರ ತಾಳ್ಮಿ ಬೇಕು. ನಿನ್ನ ತಾಳ್ಮೀ ಸಲುವಾಗೇ ಅಲ್ಲೇನು ಪದಕಾ ಕೊಟ್ಟಿದ್ದು? ಹೌದಲ್ಲೋ ಮಾಸ್ತರ?"

ನಾನು ಹೌದು ಎಂದು ಗೋಣು ಹಾಕಿದೆ. ಅವಳು ಹೇಳುವಾಗಲೂ ಹಾಕಿದ್ದೆ. ಗುಡ್ಡವ್ವ ಚಹಾ ಮುಟ್ಟಿರಲಿಲ್ಲ. ಪದಕ ಬಿಚ್ಚಿ ಚಹಾದ ಬಸಿಯಲ್ಲಿಟ್ಟು, ಆ ಬಸಿಯನ್ನು ವಕೀಲರ ಕಡೆ ಸರಿಸಿ, ಎದ್ದಳು. "ಇದನ್ನ ಠರಾವಿನ ಜೋಡಿ ಇಟ್ಕೋರಿ" ಎಂದಳು.

ಆರನೆಯ ದಿನ ಮೈಲಪ್ಪ ಎತ್ತು ಹೊಡೆದುಕೊಂಡು ಬಂದ. ಯಾರದೋ ತೋಟದಿಂದ ಕೇಳಿ ತಂದ ತೊಗಲಿನ ಬಾನಿ ಕಟ್ಟಿ, ಗಂಡ ಹೆಂಡತಿ ಇಬ್ಬರೇ ನೀರು ಎತ್ತಲು ಸುರು ಮಾಡಿದರು. ನೀರು ಓಣಿಯಲ್ಲಿ ಹರಿಯಿತು. ಒಂದು ತಾಸು ಆಗಿರಬೇಕು, ಊರೇ ಬಂತು. ಗೌಡರು ಮುಂದೆ.

"ವೈಶಾಖದಾಗ ನೀರು ಚೆಲ್ಲತೀ? ಅದೂ ಗಂಗಾಪೂಜಿ ಆದ ನೀರು! ದೊಡ್ಡವರ ಮುಂದ ಊರ ಮಾನಾ ಕಳದೆಲ್ಲ, ಇನ್ನೂ ಸಾಕಾಗಿಲ್ಲೇನ?"

ಹಿಂದೆ ಕಲ್ಲು ಹೊತ್ತ ಏಳು ಹೆಂಗಸರೂ ಗೌಡರ ಹಿಂದೆ ನಿಂತಿದ್ದರು. ಅವರ ತಪ್ಪೂ ಇಲ್ಲ. ಜರಿ ಸೀರೆಯ ಇಂದಿರಾಬಾಯಿಯವರು ಇಳಿದು ಪೂಜೆ ಮಾಡಿದ ಬಾವಿಯ ನೀರು ಕೆಟ್ಟದ್ದು ಎಂದು ಯಾರು ನಂಬುತ್ತಾರೆ? ನಿನ್ನೆಯವರೆಗೆ ಅದು ಊರ ಬಾವಿ. ಈಗ ಹೆಸರಾದ ಬಾವಿ. ಗೌಡರ ಆಳು ಕುಡಗೋಲು ತಂದು ಹಗ್ಗ ಕೊಯ್ದ. ಮೈಲಪ್ಪ ಎತ್ತಿನ ಕೊರಳು ಹಿಡಿದುಕೊಂಡು ನಿಂತ. ಗುಡ್ಡವ್ವ ಒಬ್ಬೊಬ್ಬರ ಹೆಸರು ಹಿಡಿದು, "ನೀ ಮಲಗತಿ, ನೀ ಮಲಗತಿ, ನಿನ್ನ ಮಗಾ ಮಲಗತಾನ" ಎಂದು ಅಳುತ್ತ ಕೂಗಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನೋಡಿದ್ದು ಸಾಲಿಯ ಕಿಟಕಿಯಿಂದ.

ಉಳಿದ ದಿನಗಳಲ್ಲಿ ಮನೆ ಮನೆಗೆ ಹೋಗಿ, ನಾಲ್ಕು ಪದರು ಅರಿವೆಯಲ್ಲಿ ನೀರು ಸೋಸಿ ಕುಡಿಯಿರಿ ಎಂದು ಕೈ ಮುಗಿದಳು. ಶಾಪ ಹಾಕಿದವಳ ಮಾತು ಎಂದು ಮಂದಿ ಬಾಗಿಲು ಮುಚ್ಚಿದರು. ನನಗೂ ಒಂದು ತುಂಡು ಬಟ್ಟೆ ಕೊಟ್ಟು ಹೋದಳು. ಎರಡು ದಿನ ಸೋಸಿದೆ. ಆಮೇಲೆ ಬೇಸರ ಬಂತು. ಓದಿದವನಿಗೆ ಏನೂ ಆಗುವುದಿಲ್ಲ ಎಂಬ ಧೈರ್ಯವೂ ಇತ್ತು. ಹದಿನೈದನೆಯ ದಿನ ಎಲ್ಲ ದಿನಗಳಂತೆಯೇ ಕಳೆಯಿತು. ಮಂಡಳದ ಸಭೆ ಕೋರಂ ಸಾಲದೆ ಮುಂದಕ್ಕೆ ಹೋಯಿತು.

ಮರುವರ್ಷದ ಬೇಸಿಗೆಯಲ್ಲಿ ಮೂವತ್ತೊಂದು ಜನಕ್ಕೆ ನಾರು ಎದ್ದಿತು. ಗುಡ್ಡವ್ವನ ಮನೆಗೆ ಬರಲಿಲ್ಲ. ಅವಳು ಒಂದು ದಿನವೂ ಸೋಸುವುದನ್ನು ಬಿಟ್ಟಿರಲಿಲ್ಲ. ಅದೇ ಅವಳ ಮೇಲಿನ ದೂರಿಗೆ ಸಾಕ್ಷಿಯಾಯಿತು. ಬಾವಿ ಮುಚ್ಚಿ ಗಂಗಾಮಾತೆಯನ್ನು ಸಿಟ್ಟಿಗೆಬ್ಬಿಸಿದಳು, ಊರಿಗೆ ಶಾಪ ಕೊಟ್ಟಳು, ತನ್ನ ಮನೆ ಮಾತ್ರ ಕಾಯ್ದುಕೊಂಡಳು. ಗೋಡೆ ಇದ್ದೂ ನಾರು ಬಂತಲ್ಲ, ಹಾಗಾದರೆ ಗೋಡೆ ಯಾತಕ್ಕೆ? ಇಷ್ಟು ತರ್ಕ ನಮ್ಮವರಿಗೆ ಬರುತ್ತದೆ. ಗೌಡರು ರಾಣೆಬೆನ್ನೂರಿಗೆ ಹೇಳಿ ಕಳಿಸಿದರು. ವಕೀಲರ ತಂಗಿಯ ಮಗ ಶಿವಾನಂದ, ಧಾರವಾಡದಲ್ಲಿ ಕಾಲೇಜು ಓದುವವನು, ರಜೆಗೆ ಬಂದಿದ್ದ. ಹತ್ತು ಹುಡುಗರನ್ನು ಕರೆದುಕೊಂಡು ಬಂದು ಗೋಡೆಯನ್ನು ಬುಡಸಮೇತ ಕಿತ್ತು, ಗಡಗಡಿ ಇಳಿಸಿ, ಪಾವಟಿಗೆ ತೊಳೆದು ಸುಣ್ಣ ಹಚ್ಚಿದ. ಹಗ್ಗ ಜಗ್ಗುವುದು ತಪ್ಪಿತೆಂದು ಹೆಂಗಸರು ಅವನಿಗೆ ಆರತಿ ಎತ್ತಿದರು.

ಮೂವತ್ತೊಂದರಲ್ಲಿ ನಾನೂ ಒಬ್ಬ. ಎಡಗಾಲಿನ ಹರಡಿನ ಹತ್ತಿರ ಎದ್ದಿತ್ತು. ಹುಳ ಸುತ್ತುವ ಹದ ಊರಲ್ಲಿ ಗುಡ್ಡವ್ವನ ಕೈಗೆ ಇದ್ದಷ್ಟು ಯಾರ ಕೈಗೂ ಇರಲಿಲ್ಲ. ಮೂರು ವರ್ಷ ಗಂಡನ ಕಾಲಲ್ಲಿ ಕಲಿತದ್ದು. ಬೈದವರ ಮನೆಗೂ ದಿನಾ ಹೋಗಿ ಎರಡೆರಡು ಬೆರಳು ಎಳೆದು ಸುತ್ತಿ ಬರುತ್ತಿದ್ದಳು. ಈಗ ಬಯ್ಯುತ್ತಿರಲಿಲ್ಲ. ಅದರಿಂದ ನನಗೆ ಹೆಚ್ಚು ಹೆದರಿಕೆಯಾಗುತ್ತಿತ್ತು.

ಒಂದು ದಿನ ಅವಳು ನನ್ನ ಕಾಲು ತೊಡೆಯ ಮೇಲಿಟ್ಟುಕೊಂಡು ಕೂತಾಗ ಟಪಾಲಿನವನು ಕಾರ್ಡು ಕೊಟ್ಟು ಹೋದ. ವಕೀಲರ ಕೈಬರಹ. ಓದಿ ಮಡಚಿಟ್ಟೆ.

"ಏನಂತ್ರಿ ಕಾಗದಾ?" ಎಂದಳು.

ಸುಳ್ಳು ಹೇಳಬಹುದಿತ್ತು. ಸುಳ್ಳು ಹೇಳಲೂ ಒಂದಿಷ್ಟು ಗಟ್ಟಿತನ ಬೇಕು. ಓದಿ ಹೇಳಿದೆ: ಈ ವರ್ಷದ ಪದಕ ಚಿರಂಜೀವಿ ಶಿವಾನಂದನಿಗೆ. ಮುಚ್ಚಿಹೋಗಿದ್ದ ಪುರಾತನ ಬಾವಿಯ ಪಾವಟಿಗೆಗಳನ್ನು ಸ್ವಂತ ಶ್ರಮದಿಂದ ಜನತೆಗೆ ತೆರೆದುಕೊಟ್ಟ ಸೇವೆಗಾಗಿ. ಮಾನಪತ್ರ ಲಗೂ ಬರೆದು ಕಳಿಸಬೇಕು.

ಅವಳ ಕೈ ನಿಲ್ಲಲಿಲ್ಲ. ಕಡ್ಡಿ ಒಂದು ಸುತ್ತು ತಿರುಗಿತು. ಅವಳು ನನ್ನ ಕಾಲನ್ನು ಎತ್ತಿ ಒಗೆದು ಹೋಗಲಿ ಎಂದು ನಾನು ನಿಜವಾಗಿಯೂ ಬಯಸಿದೆ.

"ಬರೀರಿ ಮಾಸ್ತರ," ಎಂದಳು. "ನಿಮಗ ಬರೂದು ಅದೊಂದ. ಆದ್ರ ಕಾಲು ಅಲ್ಲಾಡಸಬ್ಯಾಡ್ರಿ. ಹುಳಾ ಹರದ್ರ ಒಳಗ ಕೊಳೀತೈತಿ."

ಹಲಗೆ ತೊಡೆಯ ಮೇಲೆ ಇಟ್ಟುಕೊಂಡು, ಕಾಲು ಅಲ್ಲಾಡಿಸದೆ, ಬರೆಯಲು ಕೂತೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ಅವಳು ಹುಣ್ಣಿಗೆ ಬಟ್ಟೆ ಕಟ್ಟಿ, ಕೈ ತೊಳೆದುಕೊಂಡು, ಗೌಡರ ಮನೆಯ ಕಡೆ ಹೊರಟು ಹೋಗಿದ್ದಳು. ಎರಡನೆಯ ಸಾಲನ್ನು ನಾನು ಯೋಚಿಸಬೇಕಾಗಲಿಲ್ಲ.